ಫ್ಲೆಕ್ಸ್ ಬೋರ್ಡಿನ ಹಿಂದೆ ಒಂದು ಮನೆ ಇದೆ, ಸ್ವಾಮಿ

ಬೆಂಗಳೂರಿನ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವ, ಆ ಪಟ್ಟಿಗೆ ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ ನಮಸ್ಕಾರ.

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿರುವ ಒಂದು ಹಳೇ ಮನೆಯ ವಿಷಯ ಇದು. ಮನೆ ನಂಬರು ಬರೆಯುವುದಿಲ್ಲ, ಆ ಮನೆಯವರಿಗೆ ಬ್ರೋಕರುಗಳ ಕಾಟ ಈಗಲೇ ಸಾಕಷ್ಟಿದೆ. ಸರ್ವೆ ಅಂತ ಬಂದವರೊಬ್ಬರು ಎದುರಿನ ಫುಟ್‌ಪಾತ್‌ನಲ್ಲಿ ನಿಂತು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು, "ಪೂರ್ತಿ ಆಲ್ಟರ್ ಆಗಿದೆ, ಇದು ಪಟ್ಟಿಗೆ ಬರಲ್ಲ" ಅಂದು ಮುಂದೆ ನಡೆದರು. ಒಳಗೆ ಬನ್ನಿ ಸಾರ್ ಅಂತ ಕರೆದರೂ ಬರಲಿಲ್ಲ. ಅವರನ್ನು ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅವರಿಗೂ ದಿನಕ್ಕೆ ಇಷ್ಟು ಕಟ್ಟಡ ಮುಗಿಸಬೇಕು ಅಂತ ಒತ್ತಡ ಇರುತ್ತದೆ. ಆದರೆ ಹೀಗೆ ರಸ್ತೆಯಲ್ಲಿ ನಿಂತು ನೋಡಿ ಬಿಟ್ಟುಬಿಟ್ಟರೆ ಈ ಊರಿನ ಮೇನ್ ರೋಡುಗಳಲ್ಲಿ ಉಳಿದಿರುವ ಹಳೇ ಮನೆಗಳಲ್ಲಿ ಒಂದೂ ನಿಮ್ಮ ಪಟ್ಟಿಗೆ ಬರುವುದಿಲ್ಲ. ಯಾಕೆಂದರೆ ಮೇನ್ ರೋಡಿನಲ್ಲಿ ಬದಲಾಗದ ಮನೆ ಅನ್ನುವುದೇ ಇಲ್ಲ.

ನನ್ನ ಕೆಲಸ ಹಳೇ ಮನೆಗಳ ರಿಪೇರಿ. ಸೋರುವ ತಾರಸಿ, ಗೆದ್ದಲು ಹಿಡಿದ ತೊಲೆ, ಉಪ್ಪೆದ್ದ ಗೋಡೆ, ಇಂಥವೇ. ಈ ಮನೆಗೂ ಕೆಲಸಕ್ಕೆ ಅಂತಲೇ ಹೋದವನು. ಹಾಗಾಗಿ ಆ ಫೋಟೋದಲ್ಲಿ ಕಾಣದ್ದನ್ನು ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಫೋಟೋದಲ್ಲಿ ಕಾಣುವುದು ಇಷ್ಟು. ಕೆಳಗೆ ಎರಡು ಅಂಗಡಿ, ಎರಡು ರೋಲಿಂಗ್ ಶಟರ್. ಮೇಲೆ ಉದ್ದಕ್ಕೂ ಎಸಿಪಿ ಶೀಟು, ಅಂದರೆ ಅಂಗಡಿ ಮುಂಭಾಗಕ್ಕೆ ಹೊಡೆಯುವ ಅಲ್ಯೂಮಿನಿಯಂ ಹಲಗೆ, ಅದರ ಮೇಲೆ ಬಟ್ಟೆ ಅಂಗಡಿಯ ಹೆಸರು, ಪಕ್ಕದಲ್ಲಿ ಮೊಬೈಲ್ ಅಂಗಡಿಯ ಫ್ಲೆಕ್ಸು. ಎರಡು ಎಸಿ ಡಬ್ಬ, ಜೋತಾಡುವ ಕೇಬಲ್ಲುಗಳ ಗಂಟು. ಒಪ್ಪುತ್ತೇನೆ, ನೋಡಿದರೆ ಯಾರಿಗೂ ಹಳೇ ಮನೆ ಅನ್ನಿಸುವುದಿಲ್ಲ.

ಈಗ ಪಕ್ಕದ ಕ್ರಾಸಿಗೆ ತಿರುಗಿ ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗೆ, ಅಂದರೆ ಹಿಂದೆ ಪಾಯಖಾನೆ ಶುಚಿ ಮಾಡುವವರು ಓಡಾಡುತ್ತಿದ್ದ ಗಲ್ಲಿಗೆ ಬನ್ನಿ. ಅಲ್ಲಿಂದ ಮಂಗಳೂರು ಹೆಂಚಿನ ಮಾಡು ಪೂರ್ತಿ ಕಾಣುತ್ತದೆ. ಹಿತ್ತಲಲ್ಲಿ ಬಚ್ಚಲ ಮನೆ, ಹಂಡೆ ಒಲೆಯ ಹೊಗೆಗೂಡು, ಕಲ್ಲಿನ ತೊಟ್ಟಿ, ಒಂದು ತೆಂಗಿನ ಮರ. ಅಲ್ಲಿಂದ ಏಣಿ ಹಾಕಿ ಮಾಡಿನ ಅಂಚಿನಲ್ಲೇ ಮುಂದಕ್ಕೆ ಬಂದರೆ ಎಸಿಪಿ ಶೀಟಿಗೂ ಹಳೇ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟು ಜಾಗ ಇದೆ. ಅಲ್ಲಿ ಪಾರಿವಾಳದ ಹಿಕ್ಕೆ ಪಾದ ಮುಳುಗುವಷ್ಟು. ಮೂಗು ಮುಚ್ಚಿಕೊಂಡು ಟಾರ್ಚ್ ಬಿಟ್ಟರೆ ಎದುರಿಗೇ ಮಂಕಿ ಟಾಪ್. ಕಿಟಕಿಯ ಮೇಲೆ ಚೂಪಾಗಿ ಇಳಿದ ಮರದ ಪಟ್ಟಿಗಳ ಟೋಪಿ, ಒಂದೊಂದು ಪಟ್ಟಿಯ ತುದಿಯೂ ಮೊನೆ ಮಾಡಿ ಕತ್ತರಿಸಿದ್ದು. ಎಡಗಡೆಯದರಲ್ಲಿ ನಾಲ್ಕು ಪಟ್ಟಿ ಇಲ್ಲ, ಬಲಗಡೆಯದು ಇಡಿಯಾಗಿದೆ. ಹಸಿರು ಬಣ್ಣ ಇನ್ನೂ ಹಿಡಿದುಕೊಂಡಿದೆ, ಬಿಸಿಲು ಮಳೆ ತಾಗಿಲ್ಲವಲ್ಲ. ಕಿಟಕಿಯ ಕೆಳಗೆ ಗಾರೆಯಲ್ಲಿ ತೆಗೆದ ಹೂಬಳ್ಳಿ ಇದೆ, ಅದರ ನಟ್ಟನಡುವೆ ಎಸಿ ಕೂರಿಸಲು ದಪ್ಪ ಬೋಲ್ಟು ಹೊಡೆದಿದ್ದಾರೆ. ಬೇಜಾರಾಗುತ್ತದೆ. ಆದರೆ ಬೋಲ್ಟಿನ ತೂತು ಮುಚ್ಚುವುದು ಒಬ್ಬ ಒಳ್ಳೇ ಗಾರೆ ಮೇಸ್ತ್ರಿಗೆ ಅರ್ಧ ದಿನದ ಕೆಲಸ.

ಒಳಗೂ ಅಷ್ಟೇ. ಬಟ್ಟೆ ಅಂಗಡಿ ಇರುವುದು ಹಿಂದೆ ವರಾಂಡ ಮತ್ತು ಹಾಲ್ ಆಗಿದ್ದ ಜಾಗದಲ್ಲಿ. ಮೇಲೆ ಜಿಪ್ಸಮ್ ಫಾಲ್ಸ್ ಸೀಲಿಂಗ್, ಅದರಲ್ಲಿ ಎಲ್ಇಡಿ ಲೈಟು. ವೈರಿಂಗ್ ನೋಡಲು ಬಿಟ್ಟಿರುವ ಚೌಕದ ಮುಚ್ಚಳ ಎತ್ತಿ ತಲೆ ತೂರಿಸಿದರೆ ಮದ್ರಾಸ್ ತಾರಸಿ. ತೇಗದ ಜಂತೆಗಳು ಸಾಲಾಗಿ, ಅವುಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ್ದಾರೆ. ಇದನ್ನು ಮಾಡುತ್ತಿದ್ದ ರೀತಿ ಈಗಿನವರಿಗೆ ಹೇಳಿದರೆ ನಗುತ್ತಾರೆ: ಇಟ್ಟಿಗೆ ಮೇಲೆ ಇಟ್ಟಿಗೆ ಚೂರು, ಸುಣ್ಣ ಸುರಿದು, ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಕಬ್ಬಿಣವಿಲ್ಲ, ಸಿಮೆಂಟಿಲ್ಲ. ಮೇಲೆ ನಿಂತು ಕುಟ್ಟಿ ನೋಡಿದ್ದೇನೆ, ಸದ್ದು ಗಟ್ಟಿಯಾಗಿದೆ, ಎರಡು ಜಂತೆಗಳ ತುದಿ ಮಾತ್ರ ಮೆತ್ತಗಾಗಿದೆ. ಅಂಗಡಿಯ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿದ್ದಾರೆ, ಹಿಂದಿನ ಗೋಡೌನಿಗೆ ಹಾಕಲು ದುಡ್ಡು ಸಾಲಲಿಲ್ಲವೋ ಏನೋ, ಅಲ್ಲಿ ರೆಡ್ ಆಕ್ಸೈಡ್ ನೆಲ ಹಾಗೇ ಇದೆ. ಪ್ಯಾಂಟಿನ ಡಬ್ಬಗಳನ್ನು ಸರಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಮುಖ ಕಾಣುತ್ತದೆ.

ಅಂದರೆ ಮಾಡು ಇದೆ, ತಾರಸಿ ಇದೆ, ಹದಿನೆಂಟು ಇಂಚಿನ ಗೋಡೆಗಳಿವೆ, ಕಿಟಕಿ ಬಾಗಿಲುಗಳಲ್ಲಿ ಮುಕ್ಕಾಲು ಪಾಲು ಇವೆ, ಒಳಗಿನ ಕೋಣೆಗಳ ಜೋಡಣೆ ಇದೆ. ಹೋಗಿರುವುದು ಮುಂದಿನ ವರಾಂಡದ ಜಾಲರಿಯಂಥ ಕಟಾಂಜನ, ಕಾಂಪೌಂಡ್ ಗೋಡೆ, ಅದರ ಜೊತೆ ಇದ್ದ ಚಿಕ್ಕ ತೋಟ. ಇದಕ್ಕೆ 'ಪೂರ್ತಿ ಆಲ್ಟರ್' ಅಂದರೆ ಹೇಗೆ?

ಈ ಬದಲಾವಣೆ ಯಾಕೆ ಆಯಿತು ಅನ್ನುವುದನ್ನೂ ನೋಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಗಾಳಿ ಬೆಳಕು ಇರುವ ಕಡೆ ಮನೆ ಕಟ್ಟಿಕೊಳ್ಳಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿದರು. ಅಗಲ ರಸ್ತೆ, ಮನೆಯ ಸುತ್ತ ಜಾಗ, ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ, ಹಿಂದೆ ಪಾಯಖಾನೆ ಶುಚಿ ಮಾಡುವವರು ಬಂದು ಹೋಗಲು ಪ್ರತ್ಯೇಕ ಗಲ್ಲಿ. ನೀವು ಬಿಟ್ಟುಹೋದ ಆ ಮನೆಯಲ್ಲಿ ಇದೆಲ್ಲ ಇವತ್ತಿಗೂ ಓದಲು ಸಿಗುತ್ತದೆ. ರೋಗದ ಭಯ ಒಂದು ಮನೆಯ ನಕ್ಷೆಯನ್ನು ಹೇಗೆ ಬದಲಿಸಿತು ಅಂತ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಮಂಗಳೂರು ಹೆಂಚಿಗೂ ಒಂದು ಕಥೆ ಇದೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಶುರುಮಾಡಿದ ಕಾರ್ಖಾನೆಯಿಂದ ಆರಂಭವಾದ ಈ ಹೆಂಚು ಘಟ್ಟ ಹತ್ತಿ ಬಂದು ಬೆಂಗಳೂರಿನ ಮಾಡುಗಳನ್ನೆಲ್ಲ ಹೊದಿಸಿತು.

ಆಮೇಲೆ ಸಂಪಿಗೆ ರಸ್ತೆ ಮನೆಗಳ ಬೀದಿಯಿಂದ ಅಂಗಡಿ ಬೀದಿ ಆಯಿತು. ಬಸ್ಸು ಬಂತು, ಒನ್ ವೇ ಆಯಿತು, ದಕ್ಷಿಣದ ತುದಿಯಲ್ಲಿ ಮಾಲ್ ಬಂತು, 2014ರಲ್ಲಿ ಮೆಟ್ರೋ ಬಂತು. ಮನೆಯಲ್ಲಿ ಅಣ್ಣತಮ್ಮಂದಿರಿಗೆ ಭಾಗ ಆಯಿತು. ಒಬ್ಬರು ಅಮೆರಿಕಕ್ಕೆ ಹೋದರು, ಒಬ್ಬರು ಉಳಿದರು. ಉಳಿದವರಿಗೆ ಪೆನ್ಷನ್ ಬಿಟ್ಟರೆ ಬೇರೆ ಆದಾಯ ಇಲ್ಲ, ಮಾಡಿನಲ್ಲಿ ಹೆಂಚು ಕೂರುವ ರೀಪರ್ ಪಟ್ಟಿ ಬದಲಿಸಲು ಲಕ್ಷಗಟ್ಟಲೆ ಬೇಕು. ಏನು ಮಾಡಬೇಕು? ವರಾಂಡಕ್ಕೆ ಶಟರ್ ಇಟ್ಟು ಬಾಡಿಗೆಗೆ ಕೊಟ್ಟರು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲೇ ಇದೆ. ಆ ಶಟರಿನಿಂದ ಮನೆ ಹಾಳಾಗಲಿಲ್ಲ, ಮನೆ ಉಳಿಯಿತು. ಅಕ್ಕಪಕ್ಕದ ಕ್ರಾಸುಗಳಿಗೆ ಹೋಗಿ ನೋಡಿ. ಒಂದು ಮೊಳೆಯನ್ನೂ ಹೊಡೆಯದೆ, ಕಟಾಂಜನಕ್ಕೆ ವರ್ಷ ವರ್ಷ ಬಣ್ಣ ಬಳಿದು, ಯಾವ ಕಮಿಟಿ ಬಂದರೂ ಫಸ್ಟ್ ಕ್ಲಾಸ್ ಅನ್ನುವಂತಿದ್ದ ಮನೆಗಳು ಎಷ್ಟು ಉಳಿದಿವೆ? ಹಿರಿಯರು ತೀರಿಕೊಂಡ ಮೇಲೆ ಅವನ್ನು ಮಾರಿದರು, ಈಗ ಅಲ್ಲಿ ಅಪಾರ್ಟ್‌ಮೆಂಟು. ಮೇನ್ ರೋಡಿನ ಈ 'ಕೆಟ್ಟುಹೋದ' ಮನೆ ಮಾತ್ರ ಮುಂದಿನ ಅಂಗಡಿಯ ಬಾಡಿಗೆಯಲ್ಲಿ ಹಿಂದಿನ ಹೆಂಚು ರಿಪೇರಿ ಮಾಡಿಸಿಕೊಂಡು, ಕಮರ್ಷಿಯಲ್ ರೇಟಿನಲ್ಲಿ ತೆರಿಗೆ ಕಟ್ಟಿಕೊಂಡು, ಹೇಗೋ ನಿಂತಿದೆ. ನೀವು ಬಹುಮಾನ ಕೊಡಬೇಕಾದ್ದನ್ನೇ ಅನರ್ಹತೆ ಅಂತ ಬರೆದುಕೊಂಡು ಹೋಗುತ್ತಿದ್ದೀರಿ.

ಬದಲಾವಣೆಗಳೆಲ್ಲ ಒಂದೇ ಅಂತ ನಾನು ಹೇಳುತ್ತಿಲ್ಲ. ಬೋರ್ಡು, ಶೀಟು, ಫಾಲ್ಸ್ ಸೀಲಿಂಗು, ಟೈಲ್ಸು, ಇವೆಲ್ಲ ಮೇಲೆ ಹಾಕಿಕೊಂಡ ಶರ್ಟಿನ ಹಾಗೆ, ಬಿಚ್ಚಿಟ್ಟರೆ ಆಯಿತು. ಭಾರ ಹೊತ್ತ ಗೋಡೆಯನ್ನು ಕೊಯ್ದು ಆರ್‌ಸಿಸಿ ಬೀಮು ತೂರಿಸುವುದು, ಮಾಡು ಕಿತ್ತು ಅದರ ಜಾಗದಲ್ಲಿ ಇನ್ನೊಂದು ಅಂತಸ್ತು ಎಬ್ಬಿಸುವುದು ಬೇರೆ, ಅದರಿಂದ ವಾಪಸ್ ಬರುವುದು ಕಷ್ಟ. ಇನ್ನು ಎಲ್ಲಕ್ಕಿಂತ ಜಾಸ್ತಿ ಅನಾಹುತ ಮಾಡುವುದು ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಅದು ಸಿಮೆಂಟ್ ಪ್ಲಾಸ್ಟರ್. ಹಳೇ ಗೋಡೆ ಸುಣ್ಣದ ಗಾರೆಯದ್ದು, ನೆಲದಿಂದ ಏರುವ, ಮಳೆಯಿಂದ ಸೇರುವ ತೇವ ಅದರ ಮೂಲಕ ನಿಧಾನವಾಗಿ ಹೊರಗೆ ಹೋಗಿಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಪೇಂಟು ಹೊಡೆದರೆ ತೇವಕ್ಕೆ ದಾರಿ ಇಲ್ಲ. ಅದು ಗೋಡೆಯೊಳಗೇ ಉಳಿದು, ಗೋಡೆಯಲ್ಲಿ ಕೂತ ಜಂತೆಯ ತುದಿಯನ್ನು ಮೆತ್ತಗೆ ಮಾಡುತ್ತದೆ, ಉಪ್ಪು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗಿನಿಂದ ಗೋಡೆ ಚೆನ್ನಾಗಿ ಕಾಣುತ್ತಿರುತ್ತದೆ! ಆ ಎರಡು ಜಂತೆ ಮೆತ್ತಗಾಗಿದ್ದೂ ಇದೇ ಕಾರಣಕ್ಕೆ. ಹೊಸದಾಗಿ ಪ್ಲಾಸ್ಟರ್ ಮಾಡಿ ಬಣ್ಣ ಬಳಿದ ಹಳೇ ಮನೆಗೆ ನಿಮ್ಮ ಸರ್ವೆಯಲ್ಲಿ 'ಸುಸ್ಥಿತಿ' ಅಂತ ಬರೆಯುತ್ತಾರೆ, ಕೊಳಕು ಬೋರ್ಡು ಹೊತ್ತ ಮನೆಯನ್ನು ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ನಿಜ ಇದಕ್ಕೆ ಉಲ್ಟಾ ಇರುತ್ತದೆ.

ಇದೇನು ನಾನು ಹೊಸದಾಗಿ ಕಂಡುಹಿಡಿದ ವಾದವಲ್ಲ. ಸ್ಮಾರಕಗಳ ಸಂರಕ್ಷಣೆಗೆ ಜಗತ್ತಿನಲ್ಲೆಲ್ಲ ಆಧಾರವಾಗಿ ಇಟ್ಟುಕೊಳ್ಳುವ 1964ರ ವೆನಿಸ್ ಸನ್ನದಿನಲ್ಲೇ ಒಂದು ಕಟ್ಟಡಕ್ಕೆ ಬೇರೆ ಬೇರೆ ಕಾಲದವರು ಸೇರಿಸಿದ್ದರಲ್ಲಿ ಬೆಲೆಯುಳ್ಳದ್ದನ್ನು ಗೌರವಿಸಬೇಕು ಅಂತಿದೆ. ಫ್ಲೆಕ್ಸ್ ಬೋರ್ಡನ್ನು ಗೌರವಿಸಿ ಅಂತ ನಾನು ಕೇಳುತ್ತಿಲ್ಲ, ಹೆದರಬೇಡಿ. ಅಂಗಡಿಯಾಗಿ ಬಾಳಿದ್ದೂ ಆ ಮನೆಯ ಚರಿತ್ರೆಯೇ ಅನ್ನುತ್ತಿದ್ದೇನೆ ಅಷ್ಟೆ. ನಮ್ಮ ದೇಶದಲ್ಲೇ ಮುಂಬೈ 1995ರಲ್ಲಿ ಪಾರಂಪರಿಕ ಕಟ್ಟಡಗಳಿಗೆ ನಿಯಮ ಮಾಡಿತು. ಅಲ್ಲಿ ಮೂರು ದರ್ಜೆ. ಮೊದಲನೆಯದನ್ನು ಮುಟ್ಟುವ ಹಾಗಿಲ್ಲ. ಮೂರನೆಯದರಲ್ಲಿ ಒಳಗೂ ಹೊರಗೂ ಬದಲಾವಣೆಗೆ, ಹೊಸ ಬಳಕೆಗೆ ಸಾಮಾನ್ಯವಾಗಿ ಅವಕಾಶ ಉಂಟು. ಅಂದರೆ ಬೀದಿಯ ಸಾಧಾರಣ ಮನೆಯನ್ನು ಅರಮನೆಯ ಅಳತೆಗೋಲಿನಲ್ಲಿ ಅಳೆಯಬಾರದು ಅನ್ನುವ ಬುದ್ಧಿ ಆ ನಿಯಮ ಬರೆದವರಿಗೆ ಮೂವತ್ತು ವರ್ಷಗಳ ಹಿಂದೆಯೇ ಇತ್ತು.

ಅಷ್ಟು ದೂರ ಬೇಡ, ಮೈಸೂರಿಗೆ ಹೋಗೋಣ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ. 2011ರಲ್ಲಿ ಅದನ್ನು ಕೆಡವಲು ಶುರುಮಾಡಿಬಿಟ್ಟಿದ್ದರು, ಸುದ್ದಿಯಾಗಿ ಗಲಾಟೆ ಆದ ಮೇಲೆ ಕೆಲಸ ನಿಂತಿತು. ಆ ಹೊತ್ತಿಗೆ ಕಟ್ಟಡಕ್ಕೆ ಸಾಕಷ್ಟು ಏಟು ಬಿದ್ದಿತ್ತು. ಆಲ್ಟರ್ ಆಗಿದ್ದಲ್ಲ ಸ್ವಾಮಿ, ಒಡೆಯಲು ಹಿಡಿದಿದ್ದ ಮನೆ! ಅದನ್ನು ಕೊಂಡು, ರಿಪೇರಿ ಮಾಡಿಸಿ, 2016ರಲ್ಲಿ ಮ್ಯೂಸಿಯಂ ಅಂತ ತೆರೆದರು. ದೊಡ್ಡ ಲೇಖಕರ ಮನೆ, ಅದಕ್ಕೇ ಆಯಿತು ಅನ್ನಬಹುದು. ಸರಿ. ಆದರೆ ಏಟು ಬಿದ್ದ ಮನೆಯನ್ನು ಮತ್ತೆ ನಿಲ್ಲಿಸಲು ಬರುತ್ತದೆ ಅನ್ನುವುದಂತೂ ಅಲ್ಲಿ ಸಾಬೀತಾಯಿತು, ಅಲ್ವಾ? ಗಾರೆಗೆ, ಮರಕ್ಕೆ ಒಳಗೆ ಯಾರು ವಾಸವಿದ್ದರು ಅನ್ನುವುದು ಗೊತ್ತಿರುವುದಿಲ್ಲ.

ಅದೇ ಮೈಸೂರಿನಲ್ಲಿ ಇನ್ನೊಂದು ಥರದ್ದನ್ನೂ ನೋಡಿದ್ದೇವೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಎರಡೂ ಮಳೆಗಾಲದಲ್ಲೇ. ಎರಡೂ ಊರಿಗೆಲ್ಲ ಗೊತ್ತಿದ್ದ, ಎಲ್ಲರೂ ಪಾರಂಪರಿಕ ಅಂತ ಹೊಗಳುತ್ತಿದ್ದ ಕಟ್ಟಡಗಳೇ. ಆಮೇಲೆ ನಡೆದದ್ದು ಒಡೆಯಬೇಕೋ ಉಳಿಸಬೇಕೋ ಅನ್ನುವ ವರ್ಷಗಟ್ಟಲೆಯ ಜಗಳ, ಕೋರ್ಟು. ಹಾಗಾಗಿ ಪಟ್ಟಿಗೆ ಹೆಸರು ಸೇರಿಸಿ ಕೈತೊಳೆದುಕೊಳ್ಳಿ ಅಂತಲೂ ನಾನು ಕೇಳುತ್ತಿಲ್ಲ. ಪಟ್ಟಿಯ ಜೊತೆಗೆ ಸೋರುವ ಮಾಡನ್ನು ಮಳೆಗೆ ಮುಂಚೆ ರಿಪೇರಿ ಮಾಡುವ ದಾರಿಯೂ ಇರಬೇಕು. ಈಗ ಏನಾಗಿದೆ ಅಂದರೆ, ಪಟ್ಟಿಯಲ್ಲಿ ಹೆಸರು ಬಂದರೆ ಒಂದು ಹೆಂಚು ಬದಲಿಸಲೂ ಪರ್ಮಿಷನ್‌ಗೆ ಅಲೆಯಬೇಕಾಗುತ್ತದೆ ಅಂತ ಮಾಲೀಕರು ಹೆದರುತ್ತಾರೆ. ಸರ್ವೆಯವರು ಬರುತ್ತಾರೆ ಅಂತ ಸುದ್ದಿ ಬಂದರೆ ಕೆಲವರು ಬೇಕಂತಲೇ ಇನ್ನೊಂದು ಶೀಟು ಹೊಡೆಸುತ್ತಾರೆ, ಸುಮ್ನೆ ಹೇಳುತ್ತಿಲ್ಲ, ನನ್ನನ್ನೇ ಕೇಳಿದವರಿದ್ದಾರೆ. 'ಆಲ್ಟರ್ ಆದರೆ ಪಟ್ಟಿಯಿಂದ ಬಿಡುತ್ತಾರೆ' ಅನ್ನುವ ನಿಮ್ಮ ರೂಢಿಯೇ ಜನರಿಗೆ ಆಲ್ಟರ್ ಮಾಡಲು ಹೇಳಿಕೊಡುತ್ತಿದೆ.

ದುಡ್ಡಿನ ಮಾತೂ ಆಗಲೇಬೇಕು. ಸಂಪಿಗೆ ರಸ್ತೆಯ ಜಾಗದ ಬೆಲೆ ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ಮೇಲೆ ಎರಡಂತಸ್ತಿಗಿಂತ ಕಡಿಮೆಯ ಹೆಂಚಿನ ಮನೆ ಇಟ್ಟುಕೊಂಡು ಕೂತಿರು ಅಂತ ಒಬ್ಬ ಮಾಲೀಕನಿಗೆ ಹೇಳುವುದಾದರೆ, ಅವನು ಬಿಟ್ಟುಕೊಟ್ಟ ಅಂತಸ್ತುಗಳಿಗೆ ಏನಾದರೂ ಕೊಡಬೇಕು. ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಟಿಡಿಆರ್, ಅಂದರೆ ಬೇರೆ ಕಡೆ ಹೆಚ್ಚು ಕಟ್ಟಿಕೊಳ್ಳುವ ಅಥವಾ ಇನ್ನೊಬ್ಬರಿಗೆ ಮಾರಬಹುದಾದ ಹಕ್ಕು ಕೊಡುವ ವ್ಯವಸ್ಥೆ ಬೆಂಗಳೂರಿನಲ್ಲಿ ಇದ್ದೇ ಇದೆ. ರಸ್ತೆಗೆ ಮನೆ ಒಡೆದವನಿಗೆ ಸಿಗುವುದು, ರಸ್ತೆಯ ಮೇಲೆ ಮನೆ ಉಳಿಸಿಕೊಂಡವನಿಗೆ ಸಲೀಸಾಗಿ ಯಾಕೆ ಸಿಗಬಾರದು? ಅದೂ ಆಲ್ಟರ್ ಆದ ಮನೆಗೂ ಸಿಗಬೇಕು, ಶೀಟು ಬಿಚ್ಚುತ್ತೇನೆ, ಮಂಕಿ ಟಾಪ್ ಕಾಣುವ ಹಾಗೆ ಬಿಡುತ್ತೇನೆ ಅಂತ ಬರೆದುಕೊಟ್ಟವನಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಸಿಗಲಿ. ಕೊನೇಪಕ್ಷ ಆಸ್ತಿ ತೆರಿಗೆಯಲ್ಲಾದರೂ ಒಂದಿಷ್ಟು ರಿಯಾಯಿತಿ ಕೊಟ್ಟು ನೋಡಿ. ಅಂಗಡಿಯವರಿಗೂ ಇದರಿಂದ ನಷ್ಟ ಇಲ್ಲ. ಹಳೇ ಮನೆಯ ಮುಂಭಾಗ ತೋರಿಸಿಕೊಂಡು ಹೋಟೆಲು, ಬುಟೀಕು ನಡೆಸುವುದು ಈಗ ಊರಲ್ಲೆಲ್ಲ ಫ್ಯಾಶನ್ ಆಗಿದೆ. ಬೋರ್ಡನ್ನು ಸ್ವಲ್ಪ ಚಿಕ್ಕದು ಮಾಡಿ, ಕಿಟಕಿಯಿಂದ ಕೆಳಗಿಳಿಸಿ ಹಾಕಿ ಅಂತ ಒಂದು ಅಳತೆ ಕೊಟ್ಟರೆ ಬಟ್ಟೆ ಅಂಗಡಿಯವರು ಹಾಕುತ್ತಾರೆ. ನಾನು ಕೇಳಿದ್ದೇನೆ. "ಪಕ್ಕದವರಿಗೂ ಅದೇ ರೂಲ್ಸ್ ಮಾಡಿ, ನಾವೂ ಮಾಡುತ್ತೇವೆ" ಅಂದರು. ಸರಿಯಾದ ಮಾತೇ.

ಸರ್ವೆ ವಿಷಯಕ್ಕೆ ಬಂದರೆ, ನಿಮ್ಮ ಫಾರ್ಮಿನಲ್ಲಿ 'ಬದಲಾಗಿದೆ, ಬದಲಾಗಿಲ್ಲ' ಅನ್ನುವ ಎರಡೇ ಕಾಲಂ ಇದ್ದರೆ ದಯವಿಟ್ಟು ಅದನ್ನು ತೆಗೆಯಿರಿ. ಏನು ಬದಲಾಗಿದೆ, ಏನು ಉಳಿದಿದೆ, ಬದಲಾಗಿದ್ದರಲ್ಲಿ ಯಾವುದನ್ನು ಬಿಚ್ಚಬಹುದು, ಇದನ್ನು ಬರೆಯಿಸಿ. ಹಿಂದಿನ ಗಲ್ಲಿಯಿಂದ ಒಂದು ಫೋಟೋ, ಮಾಡಿನದು ಒಂದು, ಒಳಗಿನದು ಒಂದು ಇಲ್ಲದೆ ಯಾವ ಮನೆಯನ್ನೂ ತಳ್ಳಿಹಾಕಬೇಡಿ. ಬರುವವರ ಜೊತೆ ಗಾರೆ, ಮರಗೆಲಸ ಗೊತ್ತಿರುವ ಒಬ್ಬರನ್ನು ಕಳಿಸಿ. ಆರ್ಕಿಟೆಕ್ಟ್ ಆಗಿರಲೇಬೇಕು ಅಂತಿಲ್ಲ, ಹಳೇ ಮೇಸ್ತ್ರಿಯಾದರೂ ಸಾಕು. ಅವರು ಗೋಡೆ ತಟ್ಟಿಯೇ ಹೇಳುತ್ತಾರೆ. ಮತ್ತೆ, ಎಲ್ಲವನ್ನೂ ಉಳಿಸಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಒಡೆಯುವುದೇ ಆದರೆ ಡೆಮಾಲಿಷನ್‌ಗೆ ಒಪ್ಪಿಗೆ ಕೊಡುವ ಮೊದಲು ಆ ಮನೆಯ ಅಳತೆಯ ನಕ್ಷೆ, ಫೋಟೋ ತೆಗೆಸಿಟ್ಟುಕೊಳ್ಳುವುದನ್ನು ಕಡ್ಡಾಯ ಮಾಡಿ. ಒಂದು ವಾರದ ಕೆಲಸ ಅದು. ಈಗ ಮನೆ ಒಡೆದರೆ ತೇಗ ಹಳೇ ಮರದ ಅಂಗಡಿಗೆ ಹೋಗುತ್ತದೆ, ಬಾಗಿಲು ಯಾವುದೋ ರೆಸಾರ್ಟಿಗೆ ಹೋಗುತ್ತದೆ, ಮನೆ ಹೇಗಿತ್ತು ಅನ್ನಲು ಒಂದು ಹಾಳೆಯೂ ಉಳಿಯುವುದಿಲ್ಲ.

ಈ ಮನೆಯವರ ಹತ್ತಿರ ಮಾತಾಡಿದ್ದೇನೆ. ಹಿಂದಿನ ಗೇಟು ತೆಗೆಸಿಕೊಡುತ್ತಾರೆ. ಬರುವುದಾದರೆ ಬೆಳಗ್ಗೆ ಹತ್ತೂವರೆಯೊಳಗೆ ಬನ್ನಿ, ಆಮೇಲೆ ಅಂಗಡಿ ಶುರುವಾಗುತ್ತದೆ, ಫಾಲ್ಸ್ ಸೀಲಿಂಗ್ ಮುಚ್ಚಳ ಎತ್ತಲು ಬಿಡುವುದಿಲ್ಲ. ಏಣಿ, ಟಾರ್ಚ್ ನಾನು ತರುತ್ತೇನೆ. ಪಾರಿವಾಳದ ಹಿಕ್ಕೆ ಜಾಸ್ತಿ ಇದೆ, ಮಾಸ್ಕ್ ನೀವೇ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮಲ್ಲೇಶ್ವರದ ಒಬ್ಬ ರಿಪೇರಿ ಕೆಲಸದವನು